ನಜ್ರುಲ್ಲೊನ ಪೆಟ್ಟಿಗೆ

"ಮೆಲ್ಲಗಪ್ಪಾ, ಮೆಲ್ಲಗೆ! ಒಳಗೆ ಗಾಜಿನ ಸಾಮಾನಿದೆ," ಎಂದು ಹೊಲ್ಮುರೊದ್ ತನ್ನ ಜೊತೆಗಾರನನ್ನು ಗದರಿಸಿದ. ಇಬ್ಬರೂ ಏದುಸಿರು ಬಿಡುತ್ತ, ಕಂಬಳಿ ಸುತ್ತಿದ ಪೆಟ್ಟಿಗೆಯನ್ನು ಸನವ್ಬರಳ ಮೇಜಿನ ಮೇಲೆ ಇಳಿಸಿದರು. ಮೇಜು ಅದುರಿ ಚಹಾದ ಬಟ್ಟಲು ಮಗುಚಿಕೊಂಡಿತು. ಅವಳು ಅದನ್ನು ಎತ್ತಲಿಲ್ಲ. ಕಂಬಳಿಯ ಒಂದು ಮೂಲೆ ಜಾರಿ ತಿಳಿಹಸಿರು ತಗಡು ಕಾಣಿಸಿತ್ತು. ತಗಡಿನ ಅಂಚಿನಲ್ಲಿ ಅಂಗೈಯಗಲದ ಸುಟ್ಟ ಕಲೆ. ಕಂಬಳಿ ಪೂರ್ತಿ ತೆಗೆಯುವ ಮೊದಲೇ ಆ ಪೆಟ್ಟಿಗೆ ಯಾರದೆಂದು ಅವಳಿಗೆ ಗೊತ್ತಾಯಿತು.

"ಗುರುತು ಸಿಕ್ತಾ ಉಸ್ತೊ ಅಕ್ಕ?" ಹೊಲ್ಮುರೊದ್ ಬಂದೂಕನ್ನು ಹೆಗಲಿನಿಂದ ತೆಗೆದು, ರಿಪೇರಿಗೆ ಬಂದು ಸಾಲಾಗಿ ಕೂತಿದ್ದ ರೇಡಿಯೊಗಳ ಪಕ್ಕಕ್ಕೆ ಒರಗಿಸಿಟ್ಟ. ಕಸುಬು ಬಲ್ಲವರನ್ನು ಆ ಊರಿನಲ್ಲಿ ಉಸ್ತೊ ಎನ್ನುತ್ತಿದ್ದರು.

"ನಜ್ರುಲ್ಲೊದಲ್ವಾ?" ಎಂದುಬಿಟ್ಟಳು ಸನವ್ಬರ್. ಅಂದ ಮೇಲೆ ಅನ್ನಬಾರದಿತ್ತು ಅನಿಸಿತು.

"ಅವನದಿತ್ತು," ಎಂದ ಹೊಲ್ಮುರೊದ್.

ಸನವ್ಬರ್ ಬಟ್ಟಲು ಎತ್ತುವ ನೆಪದಲ್ಲಿ ಬಗ್ಗಿ ಮುಖ ಮರೆಸಿಕೊಂಡಳು. ನಜ್ರುಲ್ಲೊ ಮದುವೆಗಳಲ್ಲಿ ಹಾಡುವವನು. ಆರು ದಿನದ ಹಿಂದೆ ಒಂದು ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ ಮದುವೆ ಮುಗಿಸಿ ವ್ಯಾನಿನಲ್ಲಿ ಬರುವಾಗ ಕಾಲುವೆ ಹತ್ತಿರ ರಸ್ತೆಗೆ ಹಾಕಿದ್ದ ತಡೆಯಲ್ಲಿ ಬಂದೂಕಿನವರು ಅವನನ್ನು ಇಳಿಸಿಕೊಂಡಿದ್ದರು. ದಾಯಿರ ಬಡಿಯುವವನನ್ನೂ ಅಕಾರ್ಡಿಯನ್ನಿನವನನ್ನೂ ಬಿಟ್ಟುಕಳಿಸಿದರು. ನಜ್ರುಲ್ಲೊ ಬೆಟ್ಟದ ಕಡೆಯವನು. ಬಾಯಿ ತೆರೆದರೆ ಸಾಕು, ಯಾವ ಕಣಿವೆಯವನೆಂದು ಮಾತೇ ಹೇಳಿಬಿಡುತ್ತಿತ್ತು. ಬೆಟ್ಟದವರೂ ಬಯಲಿನವರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಆ ಚಳಿಗಾಲದಲ್ಲಿ ಅಷ್ಟು ಸಾಕಿತ್ತು. ಅವನ ಹೆಂಡತಿ ಸವ್ರಿ ಮೂರು ಸಲ ಅಂಗಡಿಗೆ ಬಂದು ಅತ್ತಿದ್ದಳು. "ಊರಿನವರ ರೇಡಿಯೊ ಎಲ್ಲ ನೀವೇ ರಿಪೇರಿ ಮಾಡಿದೀರಿ ಅಕ್ಕ, ನೀವು ಕೇಳಿದ್ರೆ ಬಾಯಿ ಬಿಡ್ತಾರೆ," ಎಂದಿದ್ದಳು. ಕೇಳ್ತೀನಿ ಎಂದು ಸನವ್ಬರ್ ಮೂರು ಸಲವೂ ಹೇಳಿದ್ದಳು. ಯಾರನ್ನೂ ಕೇಳಿರಲಿಲ್ಲ.

"ಎರಡು ಗಂಟೆಗೆ ಕಮಾಂಡರ್ ಚೌಕದಲ್ಲಿ ಮಾತಾಡ್ತಾರೆ," ಹೊಲ್ಮುರೊದ್ ಹೇಳಿದ. "ಇಡೀ ಊರಿಗೆ ಕೇಳಿಸಬೇಕು. ಮೊನ್ನೆವರೆಗೂ ಚೆನ್ನಾಗಿ ಮಾತಾಡ್ತಿತ್ತು ಇದು. ನಿನ್ನೆ ಬೆಳಗ್ಗೆ ನೋಡಿದ್ರೆ ಬಾಯೇ ಬಿಡ್ತಿಲ್ಲ. ಈಗ ಹನ್ನೊಂದು. ಆಗುತ್ತಾ?"

"ನೋಡ್ಬೇಕು."

"ನೋಡ್ಬೇಕು ಅನ್ನೋದು ಬೇಡ ಅಕ್ಕ. ಆಗುತ್ತೆ ಅನ್ನಿ."

"ಆಗುತ್ತೆ."

ಹೊಲ್ಮುರೊದ್ ನಕ್ಕ. ಹನ್ನೊಂದು ವರ್ಷ ಈ ಬೀದಿಗೆ ರೊಟ್ಟಿ ತರುತ್ತಿದ್ದ ವ್ಯಾನಿನ ಚಾಲಕ ಅವನೇ. ವ್ಯಾನಿನ ರೇಡಿಯೊ ಸರಿಮಾಡಿಕೊಟ್ಟಾಗಲೆಲ್ಲ ಒಂದು ಬಿಸಿ ರೊಟ್ಟಿ ಹೆಚ್ಚಿಗೆ ಕೊಟ್ಟುಹೋಗುತ್ತಿದ್ದ. ಈಗ ಅವನ ಮೈಮೇಲೆ ಯಾರದೋ ಸಿಪಾಯಿ ಕೋಟು, ತೋಳು ಗಿಡ್ಡ, ಮಣಿಕಟ್ಟು ಹೊರಗೆ. ಆ ಮಣಿಕಟ್ಟುಗಳನ್ನು ನೋಡಿದರೆ ಅವಳಿಗೆ ಈಗಲೂ ರೊಟ್ಟಿಯ ನೆನಪೇ ಬರುತ್ತಿತ್ತು. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

"ಇಸ್ಮತ್ ಇಲ್ಲೇ ಕೂತಿರ್ತಾನೆ," ಎಂದು ಜೊತೆಗಾರನನ್ನು ತೋರಿಸಿದ. "ಸೈನ್ಯದಲ್ಲಿ ರೇಡಿಯೊ ವಿಭಾಗದಲ್ಲಿದ್ದವನು. ನಿಮಗೆ ಕೈಗೆ ಕೈ ಆಗ್ತಾನೆ." ಬಂದೂಕು ಎತ್ತಿಕೊಂಡು ಹೊರಗೆ ಹೋದ. ಹೊರಗೆ ಮೆಟ್ಟಿಲ ಮೇಲೆ ಕೂತು ಯಾರೊಂದಿಗೋ ಮಾತಾಡುವುದು ಕೇಳಿಸುತ್ತಿತ್ತು.

ಇಸ್ಮತ್ ಮೂವತ್ತೈದರ ಆಸುಪಾಸಿನ ಸಣಕಲ ಮನುಷ್ಯ. ಸ್ಟೂಲು ಎಳೆದುಕೊಂಡು ಮೇಜಿನ ಪಕ್ಕದಲ್ಲೇ ಕೂತ. ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು ಒಂದೊಂದಾಗಿ ಒಡೆಯತೊಡಗಿದ. ಸಿಪ್ಪೆಯನ್ನು ನೆಲಕ್ಕೆ ಉಗಿಯದೆ ಅಂಗೈಯಲ್ಲೇ ಇಟ್ಟುಕೊಳ್ಳುತ್ತಿದ್ದ.

"ಫ್ಯೂಸ್ ನೋಡ್ದೆ," ಎಂದ. "ವಾಲ್ವ್ ಎಲ್ಲಾ ಉರೀತವೆ. ಶಬ್ದ ಇಲ್ಲ."

"ತಳ ಬಿಚ್ಚಿ ನೋಡಿದ್ರಾ?"

"ಇಲ್ಲ."

ಆ 'ಇಲ್ಲ'ವನ್ನು ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಊರಿನ ಸರ್ಕಾರಿ ರಿಪೇರಿ ಮನೆಯಲ್ಲಿ ಒಂದು ಕಾಲಕ್ಕೆ ಎಂಟು ಜನ ಇದ್ದರು. ಗಡಿಯಾರದ ಜರ್ಮನ್ ಮುದುಕ, ಹೊಲಿಗೆ ಯಂತ್ರದ ಲ್ಯೂಬಾ, ಟೀವಿಯ ಇಬ್ಬರು ಹುಡುಗರು, ಎಲ್ಲರೂ ಒಬ್ಬೊಬ್ಬರಾಗಿ ರೈಲು ಹತ್ತಿದ್ದರು. ಸನವ್ಬರ್ ಮಗಳನ್ನು ಉತ್ತರದ ಖುಜಂದ್ ನಗರಕ್ಕೆ ಕಳಿಸಿ ತಾನು ಉಳಿದಳು. ಬೆಳಗ್ಗೆ ಅಂಗಡಿ ತೆಗೆಯುತ್ತಿದ್ದುದು ಧೈರ್ಯಕ್ಕಲ್ಲ. ಮುಚ್ಚಿದ ಬಾಗಿಲನ್ನು ಒದ್ದು ಮುರಿಯುತ್ತಿದ್ದರು. ತೆರೆದಿದ್ದರೆ ಸಲಾಂ ಹೇಳಿ ಒಳಗೆ ಬರುತ್ತಿದ್ದರು. ಅಷ್ಟೇ.

ಅವಳು ಪೆಟ್ಟಿಗೆಯನ್ನು ಮಗ್ಗುಲಿಗೆ ಹೊರಳಿಸಿ ತಿರುಪು ಬಿಚ್ಚತೊಡಗಿದಳು. ಯಾವುದೋ ಹಳೆಯ ಸಿನಿಮಾ ಮಂದಿರದಿಂದ ತೆಗೆದ ವಾಲ್ವ್ ಆಂಪ್ಲಿಫೈಯರ್ ಅದು. ವಯಸ್ಸಿನಲ್ಲಿ ಹೆಚ್ಚು ಕಡಿಮೆ ಇಸ್ಮತನಷ್ಟೇ ದೊಡ್ಡದು. ಒಂಬತ್ತು ವರ್ಷ ಅವಳು ನಜ್ರುಲ್ಲೊನ ಮೇಳದ ಜೊತೆ ಸುತ್ತಿದ್ದಳು. ಅವನು ಹಾಡಲು, ಅವಳು ಈ ಪೆಟ್ಟಿಗೆ ನೋಡಿಕೊಳ್ಳಲು. ಇದರ ಟ್ರಾನ್ಸ್‌ಫಾರ್ಮರಿಗೆ ಎರಡು ಸಲ ತಂತಿ ಸುತ್ತಿದ್ದಳು. ಒಳಗಿನ ಒಂದೊಂದು ಬೆಸುಗೆಯೂ ಅವಳ ಕೈಯದೇ. ತಳದ ತಗಡು ತೆಗೆದ ಕೂಡಲೇ ಮಾಮೂಲಿ ವಾಸನೆ ಬಂತು, ರಾಳ, ಬಿಸಿ ಧೂಳು, ಎಂದೋ ಚೆಲ್ಲಿದ ವೈನು. ತಿರುಪಿನ ಕೋಲು ಎರಡು ಸಲ ಕೈಜಾರಿ ಮೇಜಿಗೆ ಬಡಿಯಿತು. ಅವಳು ಮೊಣಕೈಯನ್ನು ಮೇಜಿಗೆ ಒತ್ತಿಹಿಡಿದಳು.

"ಚಳಿ," ಎಂದಳು, ಯಾರೂ ಕೇಳದಿದ್ದರೂ.

"ಹೂಂ, ಚಳಿ," ಎಂದ ಇಸ್ಮತ್.

ಮೀಟರಿನ ಮುಳ್ಳು ಒಂದೊಂದೇ ಕಡೆ ಸರಿಯಾಗಿ ಏಳುತ್ತ ಬಂತು. ಕಂಡೆನ್ಸರುಗಳು ಸರಿ ಇದ್ದವು. ಟ್ರಾನ್ಸ್‌ಫಾರ್ಮರೂ ಸರಿ ಇತ್ತು. ನಡುವಿನ ವಾಲ್ವಿಗೆ ಹೋಗುವ ತಂತಿಗೆ ಬಂದಾಗ ಮುಳ್ಳು ಅಲುಗಲಿಲ್ಲ. ತಂತಿಗೆ ತೊಡಿಸಿದ್ದ ಹಸಿರು ಬಟ್ಟೆಯ ಕೊಳವೆ ಮೇಲಿನಿಂದ ಇಡಿಯಾಗಿತ್ತು. ಬೆರಳಿನಿಂದ ಒತ್ತಿ ನೋಡಿದಳು. ನಡುವೆ ಒಂದು ಕಡೆ ಬೆರಳಿಗೆ ಟೊಳ್ಳು ಸಿಕ್ಕಿತು.

ಆ ಟೊಳ್ಳು ಅವಳಿಗೆ ಗೊತ್ತಿತ್ತು.

ಎಷ್ಟೋ ವರ್ಷದ ಹಿಂದೆ, ಬೆಟ್ಟದ ಮೇಲಿನ ಒಂದು ಮದುವೆ. ಮೂರನೆಯ ಬೆಳಗಾದರೂ ಮನೆಯ ಯಜಮಾನ ಮೇಳವನ್ನು ಬಿಡಲಿಲ್ಲ. ಹಾಡು ನಿಲ್ಲಿಸಿದರೆ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಕಳಿಸುತ್ತೇನೆಂದು ಕುಡಿದ ಅಮಲಿನಲ್ಲಿ ಕೂಗಾಡಿದ. ನಜ್ರುಲ್ಲೊನ ಗಂಟಲಿನಿಂದ ರಕ್ತ ಬರುವುದೊಂದು ಬಾಕಿ. ಆಗ ಸನವ್ಬರ್ ಪೆಟ್ಟಿಗೆಯ ಹಿಂದೆ ಬಗ್ಗಿ, ಹಸಿರು ಕೊಳವೆಯನ್ನು ಮೇಲಕ್ಕೆ ಜಾರಿಸಿ, ಬ್ಲೇಡಿನ ತುಂಡಿನಿಂದ ತಂತಿ ಕತ್ತರಿಸಿ, ಕೊಳವೆಯನ್ನು ಮತ್ತೆ ಕೆಳಕ್ಕೆ ಎಳೆದಿದ್ದಳು. ವಾಲ್ವುಗಳೆಲ್ಲ ಚೆನ್ನಾಗಿ ಉರಿಯುತ್ತಿದ್ದವು. ಶಬ್ದ ಮಾತ್ರ ಇಲ್ಲ. ಯಜಮಾನ ತಾನೇ ಬಂದು ನೋಡಿ, ಪಾಪ, ಸತ್ತುಹೋಯಿತು ಎಂದು ಪೆಟ್ಟಿಗೆಗೆ ಫಾತಿಹಾ ಓದಿ ಕಳಿಸಿಕೊಟ್ಟಿದ್ದ. ಲಾರಿಯಲ್ಲಿ ದಾರಿಯುದ್ದಕ್ಕೂ ನಜ್ರುಲ್ಲೊ ನಕ್ಕು ನಕ್ಕು ಕಣ್ಣೀರು ಹಾಕಿದ. ಆಮೇಲೆ ತಾನೂ ಅದನ್ನು ಕಲಿತ. 'ಹಸಿರು ಜ್ವರ' ಎಂದು ಹೆಸರಿಟ್ಟಿದ್ದೂ ಅವನೇ.

ಮೊನ್ನೆವರೆಗೆ ಮಾತಾಡುತ್ತಿದ್ದ ಪೆಟ್ಟಿಗೆ. ಎಂದರೆ ಮೊನ್ನೆ ರಾತ್ರಿಯೋ ನಿನ್ನೆ ಬೆಳಗಿನ ಜಾವವೋ ಅವನು ಬದುಕಿದ್ದ. ಇದರ ಹತ್ತಿರ ಇದ್ದ. ಕೈ ಕಟ್ಟಿರಲಿಲ್ಲ. ಪೆಟ್ಟಿಗೆ ಕೆಟ್ಟರೆ ಊರಿನಲ್ಲಿ ಉಳಿದಿರುವುದು ಒಬ್ಬಳೇ, ಅವಳ ಹತ್ತಿರವೇ ತರುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಊರನ್ನೆಲ್ಲ ಬಿಟ್ಟು ನನ್ನ ಕೊರಳಿಗೇ ಕಟ್ಟಿದೆಯಲ್ಲೋ, ನಾನು ಏನು ಮಾಡಲಿ, ಎಂದು ಮನಸ್ಸಿನಲ್ಲೇ ಅವನನ್ನು ಬೈದಳು. ಏನೂ ಕಾಣಲಿಲ್ಲವೆಂಬಂತೆ ತಂತಿ ಬೆಸೆದು ಕಳಿಸಿಬಿಡಬಹುದು. ಆಗ ಅವನು ಅವರ ಕೈಯಲ್ಲೇ ಉಳಿಯುತ್ತಾನೆ. ಆಗಲಿಲ್ಲ ಎಂದು ಕೈ ಚೆಲ್ಲಬಹುದು. ಆಗ ತಾನೂ ಅವನ ಪಕ್ಕದಲ್ಲೇ. ಇಸ್ಮತನ ಕೈಗೆ ಈ ಕೊಳವೆ ಸಿಕ್ಕರೆ, ಇದು ಸುಟ್ಟದ್ದಲ್ಲ, ಕತ್ತರಿಸಿದ್ದು ಎಂದು ತಿಳಿದರೆ, ನಜ್ರುಲ್ಲೊ ಸಂಜೆವರೆಗೂ ಇರುವುದಿಲ್ಲ. ಎದ್ದು ಹಿತ್ತಲಿಗೆ ಹೋಗಬೇಕೆನಿಸಿತು. ಪೆಟ್ಟಿಗೆಯನ್ನು ಇಸ್ಮತನ ಎದುರು ಬಾಯಿ ತೆರೆದು ಬಿಟ್ಟುಹೋಗುವುದು ಹೇಗೆ?

"ಸಿಕ್ತಾ?" ಎಂದ ಇಸ್ಮತ್.

"ಒಂದು ಬೆಸುಗೆ ಬಿಟ್ಟಿದೆ. ಹಳೇದು." ಬೆಸುಗೆ ಕಡ್ಡಿ ಕಾಯುವವರೆಗೆ ತಂತಿಯ ಮೇಲೆ ಅಂಗೈ ಮುಚ್ಚಿ ಕೂತಳು. ಆಮೇಲೆ ಭುಜವನ್ನು ಅಡ್ಡ ತಂದು ಕತ್ತರಿಸಿದ ತಂತಿಯನ್ನು ಕೊಳವೆ ಸಮೇತ ಕಿತ್ತು ಹಾಕಿ, ಬೇರೆ ತುಂಡು ಬೆಸೆದಳು. ತವರ ಕರಗಿ ಒಂದು ಹನಿ ಹೆಬ್ಬೆರಳಿನ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಕಿತ್ತ ಹಸಿರು ಕೊಳವೆಯನ್ನು ಕಸದ ಡಬ್ಬಿಗೆ ಎಸೆಯುವಂತೆ ಮಾಡಿ ಅಂಗಿಯ ತೋಳಿನೊಳಗೆ ತೂರಿಸಿದಳು. ಅಷ್ಟರಲ್ಲಿ ಏನು ಮಾಡಬೇಕೆಂಬುದು ತಲೆಗೆ ಬಂದಿತ್ತು. ಬಂದದ್ದಕ್ಕೆ ಅವಳು ಸಂತೋಷಪಡಲಿಲ್ಲ. ಬಾರದೆ ಇದ್ದಿದ್ದರೆ ಬಚಾವಾಗುತ್ತಿದ್ದೆ ಅನಿಸಿತು.

ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ವಾಲ್ವುಗಳಿಗೆ ಬರುವ ಎರಡು ತಂತಿಗಳಿವೆ, ಕೆಂಪು ಒಂದು, ನೀಲಿ ಒಂದು. ಅವು ಅದಲುಬದಲಾದರೆ ಪೆಟ್ಟಿಗೆ ಸಾಯುವುದಿಲ್ಲ. ಹುಚ್ಚು ಹಿಡಿದಂತೆ ಅರಚುತ್ತದೆ. ಅವಳು ಎರಡನ್ನೂ ಬಿಡಿಸಿ, ಬೆಸುಗೆ ಹಾಕದೆ, ಅತ್ತದ್ದಿತ್ತ ಇತ್ತದ್ದತ್ತ ಸುಮ್ಮನೆ ಸುತ್ತಿ ಬಿಟ್ಟಳು. ಇಸ್ಮತ್ ಬೀಜ ಒಡೆಯುವುದನ್ನು ನಿಲ್ಲಿಸಿದ್ದ. ಅವಳು ತಲೆ ಎತ್ತಿ ನೋಡಲಿಲ್ಲ.

"ಹೊಲ್ಮುರೊದ್, ಬನ್ನಿ, ಆಯ್ತು," ಎಂದು ಕೂಗಿದಳು.

ಹೊಲ್ಮುರೊದ್ ಒಳಗೆ ಬಂದ ಮೇಲೆ ಸ್ವಿಚ್ಚು ಹಾಕಿದಳು. ವಾಲ್ವುಗಳು ಒಂದೊಂದಾಗಿ ಕೆಂಪಾದವು. ಅರ್ಧ ನಿಮಿಷಕ್ಕೆ ಸ್ಪೀಕರಿನಿಂದ ಹೊರಟ ಕೂಗಿಗೆ ಕಿಟಕಿಯ ಗಾಜು ಜಲ್ಲೆಂದಿತು. ಹೊಲ್ಮುರೊದ್ ಎರಡೂ ಕಿವಿ ಮುಚ್ಚಿಕೊಂಡ.

"ಆರ್ಸಿ! ಆರ್ಸಿ ಅದನ್ನ! ಹಂದಿ ಕುಯ್ದಂಗೆ ಕೂಗುತ್ತಲ್ಲ!"

ಆರಿಸಿದಳು. "ಪ್ರಾಣ ಬಂದಿದೆ. ಆದ್ರೆ ಇದು ಮುದಿ ಪೆಟ್ಟಿಗೆ. ಯಾವ ತಿರುಗಣೆ ಎಷ್ಟು ತಿರುಗಿಸ್ಬೇಕು, ಯಾವಾಗ ತಿರುಗಿಸ್ಬೇಕು ಅಂತ ದಿನಾ ಕೈಯಾಡ್ಸಿದವನಿಗೇ ಗೊತ್ತು. ನಾನು ಬಿಟ್ಟು ಎಷ್ಟೋ ವರ್ಷ ಆಯ್ತು. ಆ ದಪ್ಪ ಹಾಡೋನು ಇದ್ನಲ್ಲ, ಅವನನ್ನ ಕರ್ಸಿ. ಐದು ನಿಮಿಷದ ಕೆಲ್ಸ."

ಹೊಲ್ಮುರೊದ್ ಮುಖದ ನಗು ಹೋಯಿತು. "ಅವನ ಮೇಲೆ ನಿಮಗ್ಯಾಕೆ ಇಷ್ಟು ಅಕ್ಕರೆ?"

"ನನಗ್ಯಾಕೆ ಅಕ್ಕರೆ? ಎರಡು ಗಂಟೆಗೆ ಇದು ಕಮಾಂಡರ್ ಮುಂದೆ ಹೀಗೇ ಕೂಗಿದ್ರೆ ನನ್ನ ಗತಿ ಏನು? ಅದಕ್ಕೆ ಹೇಳ್ದೆ."

"ನಿಮಗೂ ಬೆಟ್ಟದ ಕಡೆ ನೆಂಟರಿದ್ದಾರಾ ಅಕ್ಕ?" ಮೆಲ್ಲಗೆ, ಅಕ್ಕರೆಯಿಂದ ಎಂಬಂತೆ ಕೇಳಿದ.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆಗ ಇಸ್ಮತ್ ಅಂಗೈಯಲ್ಲಿದ್ದ ಸಿಪ್ಪೆಯನ್ನೆಲ್ಲ ಕಸದ ಡಬ್ಬಿಗೆ ಸುರಿದು ಎದ್ದ.

"ಅಕ್ಕ ಹೇಳೋದು ನಿಜ," ಎಂದ. "ವಾಲ್ವ್ ಸೆಟ್ಟು ಹಾಗೇನೇ. ಒಬ್ಬರ ಕೈಗೆ ಒಗ್ಗಿರುತ್ತೆ. ನಮ್ಮ ರೆಜಿಮೆಂಟಲ್ಲೂ ಒಂದಿತ್ತು."

ಹೊಲ್ಮುರೊದ್ ಅವನನ್ನೂ ಅವಳನ್ನೂ ಒಂದೊಂದು ಸಲ ನೋಡಿದ. "ಸರಿ. ನೀವೂ ಬನ್ನಿ ಅಕ್ಕ. ಇಬ್ಬರೂ ಸೇರಿ ಮಾಡಿ. ಕೂಗಿದ್ರೆ ಇಬ್ಬರನ್ನೂ ಒಟ್ಟಿಗೇ ಕೇಳ್ತೀವಿ."

ಜೀಪಿನಲ್ಲಿ ಅವಳನ್ನು ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಪಕ್ಕ ಕೂರಿಸಿದರು. ಹೊಲ್ಮುರೊದ್ ಬಾಗಿಲಿಗೆ ಬೀಗ ಹಾಕಲೂ ಬಿಡಲಿಲ್ಲ. ಮುಚ್ಚಿದ ಅಂಗಡಿಗಳು, ಖಾಲಿ ಬಸ್ ನಿಲ್ದಾಣ, ಹಳೆಯ ಹತ್ತಿ ಗಿರಣಿ ಹಿಂದೆ ಹೋದವು. ಇಲ್ಲಿಂದ ಹಿಂತಿರುಗಿ ಬರುವವರಲ್ಲಿ ತಾನಿರುತ್ತೇನೋ ಇಲ್ಲವೋ ಎಂಬುದೊಂದೇ ಯೋಚನೆ. ಅಂಗಡಿಯ ಒಲೆಯ ಮೇಲೆ ಸಾರು ಇಟ್ಟು ಬಂದಿದ್ದೇನೆ ಎಂಬುದು ನಡುವೆ ನೆನಪಾಗಿ ಅದಕ್ಕೂ ಹೆದರಿದಳು.

ಕಮಾಂಡರನ ಕಡೆಯವರು ವಶಮಾಡಿಕೊಂಡು ಕೂತಿದ್ದು ಊರಿನ ಸಾಂಸ್ಕೃತಿಕ ಭವನದಲ್ಲಿ. ಅವಳು ಅದರ ವೇದಿಕೆಯ ಮೇಲೆ ಎಷ್ಟೋ ಸಲ ಮೈಕು ನಿಲ್ಲಿಸಿದ್ದಳು. ಈಗ ಹೊರಗಿನ ಮೆಟ್ಟಿಲ ಮೇಲೆ ಮೈಕು, ಕಂಬಗಳ ಮೇಲೆ ಕಹಳೆ ಸ್ಪೀಕರು, ಚೌಕದಲ್ಲಿ ಆಗಲೇ ಜನ. ಮನೆಮನೆಯಿಂದ ಎಬ್ಬಿಸಿ ತಂದ ಜನ, ಯಾರೂ ಮಾತಾಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಬಾಗಿಲಿನೊಳಗೆ ಬೆಂಚಿನ ಮೇಲೆ ಇಟ್ಟರು.

ಬಾಯ್ಲರ್ ಕೋಣೆಯ ಕಡೆಯಿಂದ ನಜ್ರುಲ್ಲೊನನ್ನು ಕರೆತಂದರು. ದಪ್ಪ ಮನುಷ್ಯ ಆರು ದಿನಕ್ಕೆ ಸೊರಗಿ ಕೋಟು ಜೋತುಬಿದ್ದಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಒಂದೇ ಕಾಲಿಗೆ ಬೂಟು. ಇನ್ನೊಂದು ಕಾಲಿಗೆ ಗೋಣಿ ಸುತ್ತಿಕೊಂಡಿದ್ದ. ಅವಳು ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ.

"ಏನಾಗಿತ್ತು ಇದಕ್ಕೆ?" ಎಂದ ನಜ್ರುಲ್ಲೊ, ಪೆಟ್ಟಿಗೆಯನ್ನೇ ನೋಡುತ್ತ. ಧ್ವನಿ ಒಡೆದಿತ್ತು.

"ಜ್ವರ," ಎಂದಳು. "ಈಗ ಇಳ್ದಿದೆ. ಆದ್ರೆ ಕಿರುಚುತ್ತೆ."

ನಜ್ರುಲ್ಲೊ ಒಂದು ತಿರುಗಣೆ ಮುಟ್ಟಿ ನೋಡಿದ. "ಹಾಗಾದ್ರೆ ಒಳಗೆ ಬಿಸಿ ಆಗಿರ್ಬೇಕು. ನೀವು ಒಳಗೆ ನೋಡಿ. ನಾನು ತಿರುಗಣೆ ನೋಡ್ತೀನಿ." ಬೆಂಚಿನ ಈಚೆ ಬಂದು ಮೈಯನ್ನೆಲ್ಲ ಅಡ್ಡ ಹಾಕಿ ನಿಂತ. ಅವನ ಬೆನ್ನಿನ ಹಿಂದೆ ಅವಳು ಕೈ ತೂರಿಸಿ ಕೆಂಪು ತಂತಿಯನ್ನೂ ನೀಲಿ ತಂತಿಯನ್ನೂ ಅವುಗಳ ಜಾಗಕ್ಕೆ ಮರಳಿ ಸುತ್ತಿದಳು. ಬೆವರಿಗೆ ಬೆರಳು ಜಾರುತ್ತಿತ್ತು. ನಜ್ರುಲ್ಲೊ ಸುಮ್ಮಸುಮ್ಮನೆ ತಿರುಗಣೆ ತಿರುಗಿಸುತ್ತ, "ಇದು ಇಷ್ಟು... ಇದು ಒಂದು ಕೂದಲು ಹಿಂದೆ... ಹೆಣ್ಣು ಕುದುರೆ ಇದ್ದಂಗೆ ಇದು," ಎಂದು ಗೊಣಗುತ್ತಿದ್ದ. ಮದುವೆ ಮನೆಗಳಲ್ಲೂ ಹೀಗೇ ಗೊಣಗುತ್ತಿದ್ದ.

ಸ್ವಿಚ್ಚು ಹಾಕಿದರು. ಪೆಟ್ಟಿಗೆ ಮೆಲ್ಲಗೆ ಗುಂಯ್‌ಗುಟ್ಟಿತು, ಕೂಗಲಿಲ್ಲ.

ಕಮಾಂಡರ್ ಕನ್ನಡಕ ಹಾಕಿಕೊಂಡು ಕಾಗದ ನೋಡಿ ಓದಿದ. ಭಾಷಣ ಇರಲಿಲ್ಲ. ಹೊಳೆದಂಡೆಯ ಬೀದಿ, ಹಳೆಯ ಗಿರಣಿಯ ಬೀದಿ, ಈ ಎರಡು ಬೀದಿಗಳಲ್ಲಿ ಯಾರ್ಯಾರ ಮನೆಗಳು ಸಂಜೆಯೊಳಗೆ ಖಾಲಿಯಾಗಬೇಕು ಎಂಬ ಪಟ್ಟಿ ಅದು. ಒಂದೊಂದೇ ಹೆಸರು, ತಂದೆಯ ಹೆಸರು ಸಮೇತ. ಅವಳು ಇಷ್ಟು ವರ್ಷದಲ್ಲಿ ಆ ಪೆಟ್ಟಿಗೆಯಿಂದ ಇಷ್ಟು ಚೊಕ್ಕವಾದ ಧ್ವನಿ ಕೇಳಿರಲಿಲ್ಲ. ಎಲ್ಲೂ ಒಂದು ಚಟಪಟ ಇಲ್ಲ, ಒಂದು ಅಕ್ಷರ ಮಸುಕಾಗಲಿಲ್ಲ. ಒಂದು ತಂತಿ ಎಳೆದರೆ ನಿಂತುಹೋಗುತ್ತದೆ ಎಂದು ಅವಳ ಬೆರಳಿಗೆ ಗೊತ್ತಿತ್ತು. ನಜ್ರುಲ್ಲೊನ ಗೋಣಿ ಸುತ್ತಿದ ಕಾಲು ಅವಳ ಪಕ್ಕದಲ್ಲೇ ನಡುಗುತ್ತಿತ್ತು. ಅವಳು ಎಳೆಯಲಿಲ್ಲ. ಚೌಕದಲ್ಲಿ ಯಾರೋ ಹೆಂಗಸು ತನ್ನ ಮನೆಯ ಹೆಸರು ಕೇಳಿ "ಹಾಂ," ಎಂದಳು, ಶಾಲೆಯಲ್ಲಿ ಹಾಜರಿ ಹೇಳಿದಂತೆ.

ಓದಿ ಮುಗಿದಾಗ ಹೊಲ್ಮುರೊದ್ ಬಂದು ನಜ್ರುಲ್ಲೊನ ತೋಳು ಹಿಡಿದ. "ನಡಿ, ಕೆಳಕ್ಕೆ."

ಇಸ್ಮತ್ ಬೆಂಚಿನ ಹತ್ತಿರ ಬಗ್ಗಿ ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟು ತಟ್ಟನೆ ಹಿಂದೆಳೆದ. "ಇದು ಕಾದುಹೋಗಿದೆ. ಒಳಗಿನ ಡಾಂಬರು ಕರಗ್ತಿದೆ. ನಾಳೆಗೂ ಬೇಕು ಅಂದ್ರೆ ಈಗ್ಲೇ ಅಂಗಡಿಗೆ ಹೋಗ್ಬೇಕು."

"ಜೀಪು ಇಲ್ಲ. ಕಮಾಂಡರ್ ತಗೊಂಡು ಹೋಗ್ತಾರೆ."

"ನಡ್ಕೊಂಡು ಹೋಗ್ತೀವಿ. ಇವನು ಹೊರಲಿ."

ಹೊಲ್ಮುರೊದ್ ನಜ್ರುಲ್ಲೊನ ತೋಳನ್ನು ಬಿಡಲಿಲ್ಲ. ಜೋತುಬಿದ್ದ ಅವನ ಕೋಟನ್ನು ನೋಡಿದ, ಗೋಣಿ ಸುತ್ತಿದ ಕಾಲನ್ನು ನೋಡಿದ. ಕೊನೆಗೆ, "ಹೊತ್ತು ದಾರೀಲೇ ಸತ್ರೆ ನನ್ನ ಕೇಳ್ಬೇಡ," ಎಂದು ಕೈ ಬಿಟ್ಟ.

ಟ್ರಾನ್ಸ್‌ಫಾರ್ಮರು ಕಾದಿರಲಿಲ್ಲ. ಒಳಗೆ ಕೈ ಹಾಕಿದ್ದ ಅವಳಿಗೆ ಅದು ಗೊತ್ತಿತ್ತು. ಹಾಗಾದರೆ ಇಸ್ಮತನಿಗೂ ಗೊತ್ತಿತ್ತು.

ಕಾಲುವೆಯ ದಂಡೆಯ ದಾರಿ ಹಿಡಿದರು. ಒಂದು ಕಡೆ ಆಳೆತ್ತರದ ಆಪು ಹುಲ್ಲು, ಇನ್ನೊಂದು ಕಡೆ ಕೊಯ್ಲಾದ ಹತ್ತಿ ಹೊಲದ ಒಣಗಿದ ಕಡ್ಡಿಗಳು. ಮುಂದೆ ನಜ್ರುಲ್ಲೊ, ಪೆಟ್ಟಿಗೆಯನ್ನು ಬೆನ್ನಿಗೆ ಹಗ್ಗದಿಂದ ಕಟ್ಟಿಕೊಂಡು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ. ನಡುವೆ ಅವಳು. ಹಿಂದೆ ಬಂದೂಕು ಹಿಡಿದ ಇಸ್ಮತ್. ಚೌಕ ಕಣ್ಮರೆಯಾದ ಮೇಲೆ ಇಸ್ಮತ್ ಹಿಂದಿನಿಂದ, ಸಾಮಾನ್ಯ ಮಾತಿನಂತೆ ಹೇಳಿದ:

"ಉಸ್ತೊ ಅಕ್ಕ, ಆ ಕೆಂಪು ನೀಲಿ ತಂತಿ ಅದಲುಬದಲು ಮಾಡಿದ್ದು ನಾನು ನೋಡ್ದೆ. ಹಸಿರು ಕೊಳವೇನೂ ನೋಡ್ದೆ. ನಿಮ್ಮ ತೋಳಲ್ಲೇ ಇದೆ."

ಅವಳು ನಿಂತಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಪೆಟ್ಟಿಗೆ ಇಳ್ಸು," ಎಂದ ಇಸ್ಮತ್, ನಜ್ರುಲ್ಲೊನಿಗೆ. ಅವನು ಮಂಡಿಯೂರಿ ಹಗ್ಗ ಬಿಚ್ಚಿ ಇಳಿಸಿದ. "ಇನ್ನು ಹೋಗು. ಆಪಿನೊಳಗೆ ಹೋಗು. ರೈಲ್ವೆ ಹಳಿವರೆಗೂ ತಲೆ ಎತ್ತಬೇಡ."

ನಜ್ರುಲ್ಲೊ ಎದ್ದು ನಿಂತ, ಆದರೆ ಕದಲಲಿಲ್ಲ. ಊದಿಕೊಂಡ ಮುಖ ಸೀದಾ ಬಂದೂಕಿನ ಕಡೆಗೇ ಇತ್ತು.

"ಬೆನ್ನು ತೋರ್ಸಲ್ಲ," ಎಂದ. "ಹೊಡಿಯೋದಾದ್ರೆ ಮುಖ ನೋಡಿ ಹೊಡಿ ತಮ್ಮಾ. ನಾಲ್ಕು ಜನರನ್ನ ಹೀಗೇ ಹೋಗು ಅಂತ ಕಳ್ಸಿದ್ರು ಆ ಬಾಯ್ಲರ್ ರೂಮಿಂದ. ನಾನು ಕಿಟಕೀಲಿ ನೋಡ್ದೆ."

ಗಾಳಿಗೆ ಆಪು ಸರಸರ ಎಂದಿತು. ದೂರದಲ್ಲಿ ಜೀಪಿನ ಶಬ್ದ, ಎತ್ತ ಹೋಗುತ್ತಿದೆಯೋ ತಿಳಿಯದು. ಹೊತ್ತು ಜಾರುತ್ತಿತ್ತು.

ಸನವ್ಬರಳ ಕಾಲುಗಳು ತಾವಾಗಿಯೇ ನಡೆದವು. ಆಮೇಲೆ ಎಷ್ಟು ಯೋಚಿಸಿದರೂ ಅದನ್ನು ತಾನು ನಿರ್ಧಾರ ಮಾಡಿ ಮಾಡಿದೆನೆಂದು ಅವಳಿಗೆ ಅನಿಸಲಿಲ್ಲ. ಹೋಗಿ ನಜ್ರುಲ್ಲೊನ ಎರಡೂ ಭುಜ ಹಿಡಿದು ಆಪಿನ ಕಡೆಗೆ ತಿರುಗಿಸಿದಳು. ಅವನ ಬೆನ್ನಿಗೆ ತನ್ನ ಎದೆ ಆನಿಸಿ ಅವನನ್ನು ನೂಕುತ್ತ ನಡೆದಳು. ಈಗ ಬಂದೂಕಿನ ಎದುರಿಗಿದ್ದದ್ದು ಅವಳ ಬೆನ್ನು. ಕೋಟಿನ ಬಟ್ಟೆಯ ಮೇಲೆ, ಎರಡು ಭುಜದ ನಡುವೆ, ಒಂದು ಜಾಗ ಬೆಂಕಿಯ ಹಾಗೆ ಸುಡುತ್ತಿತ್ತು.

"ಅಕ್ಕ, ನೀವು ಬೇಡ, ಅಕ್ಕ," ಎಂದು ನಜ್ರುಲ್ಲೊ ಅಳುತ್ತಿದ್ದ.

"ಬಾಯ್ಮುಚ್ಚಿ ನಡಿಯೋ ದಪ್ಪ. ಸವ್ರಿ ಅವಳಣ್ಣನ ಮನೇಲಿದ್ದಾಳೆ, ಸ್ಟೇಷನ್ ಹಿಂದೆ. ನಡಿ."

ಮೂವತ್ತು ಹೆಜ್ಜೆ. ಮಂಡಿವರೆಗೆ ಕೆಸರು. ಆಪು ಅವನನ್ನು ನುಂಗಿತು. ಕಡ್ಡಿಗಳು ಮುರಿಯುವ ಸದ್ದು ಮೊದಲು ಮೆಲ್ಲಗೆ, ಆಮೇಲೆ ದಡಬಡನೆ ದೂರವಾಯಿತು. ಆಗ ಎರಡು ಗುಂಡು ಹಾರಿದವು. ಸನವ್ಬರ್ ಕೆಸರಿನಲ್ಲಿ ಕುಸಿದು ಕೂತಳು. ಕೈಯಿಂದ ಮೈಯನ್ನೆಲ್ಲ ತಡಕಿಕೊಂಡಳು, ಎದೆ, ಹೊಟ್ಟೆ, ಕುತ್ತಿಗೆ. ಎಲ್ಲೂ ಒದ್ದೆ ಇರಲಿಲ್ಲ.

ತಿರುಗಿ ನೋಡಿದಾಗ ಇಸ್ಮತ್ ಆಕಾಶದ ಕಡೆಗಿದ್ದ ಬಂದೂಕನ್ನು ಇಳಿಸುತ್ತಿದ್ದ. ಆಮೇಲೆ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ಬೂಟುಗಾಲಿನಿಂದ ಒತ್ತಿ ದಂಡೆಯಿಂದ ಉರುಳಿಸಿದ. ಅದು ಎರಡು ಪಲ್ಟಿ ಹೊಡೆದು ನೀರಿಗೆ ಬಿತ್ತು. ಒಂದು ಕ್ಷಣ ತೇಲುವಂತೆ ಕಂಡಿತು. ಒಳಗಿನ ಗಾಜು ಒಡೆದ ಪಟಪಟ ಶಬ್ದ, ಗುಳ್ಳೆಗಳು, ಆಮೇಲೆ ಕಂದು ನೀರು.

"ಓಡಿಹೋಗೋಕೆ ನೋಡ್ದ. ಹೊಡೆದೆ. ಪೆಟ್ಟಿಗೆ ಸಮೇತ ಬಿದ್ದ," ಎಂದ ಇಸ್ಮತ್, ಹೊಲ್ಮುರೊದನಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡುವವನಂತೆ. ಅವಳ ಕಡೆ ನೋಡಲಿಲ್ಲ. "ನಾಳೆ ಅಂಗಡಿ ತೆಗೀಬೇಡಿ," ಎಂದು ಹೇಳಿ ಬಂದ ದಾರಿಯಲ್ಲೇ ಹೊರಟುಹೋದ.

ನಜ್ರುಲ್ಲೊ ಹಳಿ ತಲುಪಿದನೋ ಇಲ್ಲವೋ ಎಂದು ತಿಳಿಯಲು ಅವಳು ಏಪ್ರಿಲ್‌ವರೆಗೆ ಕಾಯಬೇಕಾಯಿತು. ಆಗ ಅವಳು ಖುಜಂದಿನಲ್ಲಿ ಮಗಳ ಮನೆಯಲ್ಲಿದ್ದಳು. ಸವ್ರಿ ಬರೆದ ಕಾಗದ ಮೂರು ಕೈ ದಾಟಿ ಬಂದಿತ್ತು. ಬದುಕಿದ್ದಾರೆ, ಹಾಡುವುದಿಲ್ಲ ಎಂದು ಬರೆದಿದ್ದಳು. ಇಸ್ಮತನ ಸುದ್ದಿ ಯಾರೂ ಹೇಳಲಿಲ್ಲ.

ಆ ದಿನ ಮಾತ್ರ ಅವಳು ಕೆಸರು ಮೆತ್ತಿದ ಕೋಟಿನಲ್ಲಿ ಹೊಳೆದಂಡೆಯ ಬೀದಿಯಿಂದಲೇ ಮನೆಗೆ ನಡೆದಳು. ಬೇರೆ ದಾರಿ ಇರಲಿಲ್ಲ. ಬೀದಿಯ ತುಂಬ ಕೈಗಾಡಿ, ಹಾಸಿಗೆಯ ಸುರುಳಿ, ಕಾಲು ಕಟ್ಟಿದ ಕೋಳಿಗಳು. ಯಾರೂ ಅಳುತ್ತಿರಲಿಲ್ಲ. ಕೊನೆಯ ಮನೆಯ ಗೇಟಿನಲ್ಲಿ ಮೊಹ್‌ಬೀಬಿ ನಿಂತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಎರಡೂ ಕಿವಿ ಮಂದ. ಎದುರು ಮನೆಯವರು ಗಾಡಿಗೆ ಸಾಮಾನು ಹೇರುವುದನ್ನು ಹುಬ್ಬುಗಂಟಿಕ್ಕಿ ನೋಡುತ್ತಿದ್ದಳು.

"ಮಗಳೇ ಸನವ್ಬರ್, ಮೈಕಿನಲ್ಲಿ ಏನೋ ಹೇಳಿದ್ರಂತೆ. ಇವರ್ಯಾರೂ ನಿಂತು ಮಾತಾಡ್ತಿಲ್ಲ. ನಮ್ಮನೆ ಹೆಸರು ಬಂತಾ?"

ಸನವ್ಬರ್ ಅವಳ ಕಿವಿಯ ಹತ್ತಿರ ಬಾಯಿ ತಂದಳು.

"ಬಂತು ಅಮ್ಮಾ."

"ಯಾವತ್ತಿಗಂತೆ?"

"ಇವತ್ತು. ಸಂಜೆಯೊಳಗೆ."

ಮುದುಕಿ ತಲೆಯಾಡಿಸಿದಳು. ಸರಿ, ಸರಿ, ಎಂದು ತನಗೇ ಹೇಳಿಕೊಳ್ಳುತ್ತ ಅಂಗಳಕ್ಕೆ ತಿರುಗಿದಳು. ಹಗ್ಗದ ಮೇಲೆ ಆಗಷ್ಟೇ ಒಗೆದು ಹಾಕಿದ ಬಟ್ಟೆ ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದಾಗಿ ಕೆಳಗಿಳಿಸಿ, ಹಿಂಡದೆ, ಒಣಗಿದ ಬಟ್ಟೆಯ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಬುಟ್ಟಿಯಲ್ಲಿಡತೊಡಗಿದಳು. ನೀರು ಅವಳ ಮೊಣಕೈಯಿಂದ ಇಳಿದು ಇಟ್ಟಿಗೆಯ ನೆಲದ ಮೇಲೆ ಗೇಟಿನವರೆಗೆ ಹರಿದು ಬಂತು. ಸನವ್ಬರ್ ಬಟ್ಟೆಯ ಒಂದು ತುದಿ ಹಿಡಿದುಕೊಳ್ಳಲು ಒಳಗೆ ಹೋದಳು.